ನನ್ನ ಹೆಸರಿಗೆ ಬಂದದ್ದು

ಮಾರ್ಚ್ 3, ಮಂಗಳವಾರ

ಗುರುವಾರ ಹನ್ನೊಂದು ಗಂಟೆಗೆ ನನಗೆ ಆಸ್ಪತ್ರೆಯಲ್ಲಿ ತಪಾಸಣೆ ಇದೆಯೆಂಬುದು ಇವತ್ತು ಬೆಳಿಗ್ಗೆ ಏಳೂವರೆಗೆ ಮನೆಮಂದಿಗೆಲ್ಲ ಗೊತ್ತಾಯಿತು. ತಿಳಿಸಿದವರು ಅತ್ತೆ. ಅತ್ತೆಗೆ ತಿಳಿಸಿದ್ದು ಫ್ರಿಜ್ಜಿನ ಬಾಗಿಲಿನ ಸ್ಕ್ರೀನು.

ಅದು ಹಳೆಯ ಟ್ಯಾಬ್ಲೆಟ್. ಮಗಳು ಗುಬ್ಬಿ ಅದನ್ನು ಬಾಗಿಲಿಗೆ ಸಿಕ್ಕಿಸಿ ಮನೆಯ ಕ್ಯಾಲೆಂಡರ್ ಮಾಡಿದ್ದಾಳೆ. ಇವರ ಬಸ್ ಡ್ಯೂಟಿಯ ಪಾಳಿ, ಅವಳ ಪರೀಕ್ಷೆ, ಅತ್ತೆಯ ಮಾತ್ರೆ ಮುಗಿಯುವ ದಿನ, ಎಲ್ಲ ಅದರಲ್ಲಿರುತ್ತದೆ. ಆಸ್ಪತ್ರೆಯವರು ನನ್ನ ಇ-ಮೇಲಿಗೆ ಕಳಿಸಿದ ಪತ್ರವನ್ನು ನಾನು ತೆರೆಯುವ ಮೊದಲೇ ಮೇಲ್ ಕಂಪನಿಯ ಯಂತ್ರ ಓದಿ, ದಿನಾಂಕ ಹೆಕ್ಕಿ, ಕ್ಯಾಲೆಂಡರಿಗೆ ಏರಿಸಿತ್ತು. ಹಾಗೆ ಮಾಡೆಂದು ನಾನು ಹೇಳಿರಲಿಲ್ಲ. ಮಾಡಬೇಡವೆಂದೂ ಹೇಳಿರಲಿಲ್ಲ. ಹಾಗೆ ಹೇಳುವ ಗುಂಡಿ ಸೆಟ್ಟಿಂಗಿನ ಐದನೇ ಪುಟದಲ್ಲಿದೆ. ಸಂಜೆ ಹುಡುಕಿ ಕಂಡುಕೊಂಡೆ.

"ಹೊರರೋಗಿ ತಪಾಸಣೆ, ಗುರುವಾರ, ಹನ್ನೊಂದು. ಯಾರಿಗೇ ಇದು?" ಎಂದು ಅತ್ತೆ ಹಾಲಿನ ಪಾತ್ರೆ ಹಿಡಿದುಕೊಂಡೇ ಕೂಗಿದರು.

"ನನಗೆ. ಕಣ್ಣು."

ಇವರು ಬೂಟಿನ ಲೇಸು ಬಿಟ್ಟು ತಲೆ ಎತ್ತಿದರು. "ಕಣ್ಣಿಗೇನಾಯ್ತು?"

"ತಕ್ಕಡಿಯ ಸಣ್ಣ ಅಂಕಿ ಸರಿಯಾಗಿ ಕಾಣ್ತಿಲ್ಲ."

"ಬಾಯಿ ಬಿಟ್ಟು ಹೇಳ್ಬೇಡ ಮಾರಾಯ್ತಿ. ಅಂಗಡಿಯೋರಿಗೆ ಗೊತ್ತಾದ್ರೆ ಕುಣಿದಾಡ್ತಾರೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಹದಿನೆಂಟು ವರ್ಷದಿಂದ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಸೀಲು ಹಾಕುವ ಕೆಲಸ ನನ್ನದು. ತಪ್ಪು ಅಂಕಿ ಬರೆದ ನೆನಪಿಲ್ಲ. ಇವತ್ತು ಒಂದು ಬರೆದಂತಾಯಿತು.

ಮಧ್ಯಾಹ್ನದೊಳಗೆ ಕೆಳಗಿನ ಮನೆಯ ಇಸ್ತ್ರಿಯಾಕೆ ಮೆಟ್ಟಿಲಲ್ಲಿ ನಿಲ್ಲಿಸಿ ಒಳ್ಳೆಯ ಕಣ್ಣಿನ ಡಾಕ್ಟರ ಹೆಸರು ಹೇಳಿದಳು. ಸಂಜೆಯವರೆಗೆ ವಿಚಾರಿಸಿದವರು ಒಟ್ಟು ನಾಲ್ವರು.

ಕಣ್ಣಲ್ಲ. ಎಡಗಡೆ, ಕಂಕುಳಿನ ಹತ್ತಿರ, ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದು. ಬಟಾಣಿಗಿಂತ ದೊಡ್ಡದು. ಮೂರು ವರ್ಷದ ಹಿಂದೆ ನಾದಿನಿಗೆ ಹೀಗೇ ಶುರುವಾಗಿತ್ತು. ಅತ್ತೆ ಆಗ ಮಗಳ ವಿಷಯವನ್ನು ಕಂಡಕಂಡವರಿಗೆಲ್ಲ ಹೇಳಿದರು. ಬಂದವರು ಕುರ್ಚಿಯ ತುದಿಯಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದರು. ಕೊನೆಯ ನಾಲ್ಕು ತಿಂಗಳು ಅವಳು ಜನರ ಕಣ್ಣೆದುರೇ ಕಳೆದಳು. ನನಗೆ ಅದು ಬೇಡ.

ಈ ವಿಷಯ ಇಷ್ಟು ಸಾಕು.

ಮಾರ್ಚ್ 4, ಬುಧವಾರ

ಅತ್ತೆಯೊಂದಿಗೆ ಮಾತಾಡಿದೆ. ಕೂಗಾಡಲಿಲ್ಲ.

"ಅತ್ತೆ, ಇನ್ನು ಮೇಲೆ ನನ್ನ ಹೆಸರಿಗೆ ಬಂದದ್ದು ಏನೇ ಇರ್ಲಿ, ಫೋನೋ ಪತ್ರನೋ, ನೀವು ನೋಡೋದು ಬೇಡ, ಕೇಳೋದು ಬೇಡ. ಇನ್ನೊಬ್ರಿಗೆ ಹೇಳೋದಂತೂ ಬೇಡವೇ ಬೇಡ."

"ನಾನೇನು ಲಕೋಟೆ ಒಡೆದು ಓದಿದ್ನಾ? ಕಣ್ಣೆದುರು ಬರೆದಿತ್ತು, ಓದ್ದೆ."

"ಕಣ್ಣೆದುರಿದ್ರೂ ಓದಬೇಡಿ."

"ಸರಿಯಮ್ಮ. ಇವತ್ತಿಂದ ಕಣ್ಣಿದ್ದೂ ಕುರುಡಿ, ಕಿವಿ ಇದ್ದೂ ಕಿವುಡಿ. ಆಯ್ತಲ್ಲ?"

ಆಮೇಲೆ ಸೌಟು ಸಿಂಕಿಗೆ ಬಿದ್ದ ಸದ್ದು ಸ್ವಲ್ಪ ಜೋರಾಗಿತ್ತು.

ಕಚೇರಿಯಲ್ಲಿ ಸೀಲು ಸಾಹೇಬರನ್ನು ಕೇಳಿದೆ. ಅವರು ನಮ್ಮ ಹಿರಿಯ ಇನ್‌ಸ್ಪೆಕ್ಟರು. ಸೀಲುಗಳ ಕಪಾಟಿನ ಕೀಲಿ ಅವರ ಸೊಂಟದಲ್ಲೇ ಇರುವುದರಿಂದ ಆ ಹೆಸರು. ಯಾರನ್ನೂ ನಂಬದ ಮನುಷ್ಯ. ಊಟದ ಡಬ್ಬಿಗೂ ಬೀಗ ಹಾಕುತ್ತಾರೆಂದು ಹುಡುಗರು ಆಡಿಕೊಳ್ಳುತ್ತಾರೆ.

"ಬಿಟ್ಟಿ ಮೇಲ್ ಅಂದ್ರೆ ಬಿಟ್ಟಿ ತಕ್ಕಡಿ ಇದ್ದ ಹಾಗೆ ಕಣಮ್ಮ," ಎಂದರು. "ಪುಕ್ಕಟೆ ತಕ್ಕಡಿ ಕೊಟ್ಟೋನು ತಟ್ಟೆ ಕೆಳಗೆ ಏನೋ ಅಂಟಿಸೇ ಇರ್ತಾನೆ. ಈಗ ಬೇರೆ ಥರದ ಕಂಪನಿಗಳಿವೆ. ನಿನ್ನ ಪತ್ರ ಅವರ ಹತ್ರಾನೇ ಇರುತ್ತೆ, ಆದ್ರೆ ಅವರಿಗೇ ಓದೋಕಾಗಲ್ಲ. ಬೀಗ ಅವರದು, ಕೀಲಿ ನಿಂದು."

"ಕೀಲಿ ಕಳೆದ್ರೆ?"

"ಕಳೀಬೇಡ."

ಸಂಜೆ ಮೂರು ಕಂಪನಿಗಳಲ್ಲಿ ಒಂದೊಂದು ಖಾತೆ ತೆರೆದೆ. ಕಚೇರಿಯ ಪದ್ಧತಿಯಂತೆ ಅವುಗಳಿಗೆ ನಮೂನೆ 1, ನಮೂನೆ 2, ನಮೂನೆ 3 ಎಂದು ಸಂಖ್ಯೆ ಕೊಟ್ಟಿದ್ದೇನೆ.

ಮಾರ್ಚ್ 5, ಗುರುವಾರ

ಹೋಗಿ ಬಂದೆ. ಸೂಜಿಯಿಂದ ಮಾದರಿ ತೆಗೆದರು. ಏಳು ದಿನದೊಳಗೆ ವರದಿ ಮೇಲ್‌ಗೆ ಬರುತ್ತದಂತೆ.

ಹಳೆಯ ವಿಳಾಸ ತೆಗೆಸಿ ನಮೂನೆ 2ರ ವಿಳಾಸ ಕೊಟ್ಟೆ. ನನ್ನ ಮೊಬೈಲ್ ನಂಬರ್ ಕೇಳುವ ಕಾಲಮ್ಮಿಗೆ ಗೆರೆ ಎಳೆದೆ. ಕೌಂಟರಿನ ಹುಡುಗಿ, "ತುರ್ತು ಸಂಪರ್ಕ ಅಂತ ಹಳೇ ಕಡತದಲ್ಲಿ ಒಂದು ನಂಬರಿದೆ ಮೇಡಮ್, ಅದು ಇರ್ಲಾ?" ಎಂದಳು. ಇರಲಿ ಎಂದೆ. ಯಾರದೆಂದು ಕೇಳಲಿಲ್ಲ, ನನ್ನ ಹಿಂದೆ ಹದಿನಾಲ್ಕು ಜನ ನಿಂತಿದ್ದರು.

ಕಣ್ಣು ಚೆನ್ನಾಗಿದೆಯೆಂದು ಮನೆಯಲ್ಲಿ ಹೇಳಿದೆ.

ಮಾರ್ಚ್ 8, ಭಾನುವಾರ

ಇಡೀ ದಿನ ಪರೀಕ್ಷೆಯಲ್ಲಿ ಕಳೆಯಿತು. ಗೊತ್ತಿರುವ ತೂಕವಿಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುವುದು ನಮ್ಮ ಕ್ರಮ. ಅದೇ ರೀತಿ ನನಗೆ ನಾನೇ ಪತ್ರಗಳನ್ನು ಕಳಿಸಿಕೊಂಡೆ. ಸುಳ್ಳು ದಿನಾಂಕ, ಸುಳ್ಳು ಟಿಕೆಟ್, ಸುಳ್ಳು ದಂತವೈದ್ಯರು. ಐದನೇ ಪುಟದ ಆ ಗುಂಡಿಯನ್ನು ಇನ್ನೂ ಒತ್ತಿರಲಿಲ್ಲ, ಹಳೆಯ ಮೇಲಿಗೆ ಹೋದ ದಂತವೈದ್ಯರು ಇಪ್ಪತ್ತು ನಿಮಿಷದಲ್ಲಿ ಕ್ಯಾಲೆಂಡರಿನ ಪಟ್ಟಿಗೆ ಬಂದರು. ಮೂರು ನಮೂನೆಗಳಿಗೆ ಹೋದವು ಸಂಜೆಯಾದರೂ ಎಲ್ಲಿಯೂ ತಲೆ ಹಾಕಲಿಲ್ಲ.

ಅಲ್ಲಿಂದಾಚೆ ಯಾವುದೂ ಸುಲಭವಿಲ್ಲ. ನಮೂನೆ 1ರ ಬೀಗ ಬಲು ಗಟ್ಟಿ, ಆದರೆ ಫೋನಿನಲ್ಲಿರುವ ಸಾಮಾನ್ಯ ಮೇಲ್ ಆ್ಯಪಿನಲ್ಲಿ ಅದು ತೆರೆಯುವುದಿಲ್ಲ; ಅದರದೇ ಆ್ಯಪ್ ಬೇಕು, ಅದು ನನ್ನ ಹಳೆಯ ಫೋನಿನಲ್ಲಿ ಉಸಿರುಗಟ್ಟುತ್ತದೆ. ನಮೂನೆ 2 ಹಗುರ, ವೇಗ. ಆದರೆ ಸಹಾಯ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ: ಪತ್ರದ ಒಡಲಿಗೆ ಮಾತ್ರ ಬೀಗ, ವಿಷಯದ ಸಾಲಿಗೆ ಇಲ್ಲ. ಆಸ್ಪತ್ರೆಯವರು ಇರುವುದನ್ನೆಲ್ಲ ವಿಷಯದ ಸಾಲಿನಲ್ಲೇ ಬರೆಯುವವರು. ನಮೂನೆ 3ರಲ್ಲಿ ಎರಡಕ್ಕೂ ಬೀಗವಿದೆ. ಆದರೆ ಹಳೆಯ ಪತ್ರದಲ್ಲಿ ಒಂದು ಮಾತು ಹುಡುಕಬೇಕಾದರೆ ಅದು ಎಲ್ಲವನ್ನೂ ಮೊದಲು ಫೋನಿಗೆ ಇಳಿಸಿಕೊಂಡು, ಒಂದೊಂದಾಗಿ ಬಿಚ್ಚಿ ನೋಡುತ್ತದೆ. ಕಂಪನಿಗೆ ಓದಲು ಬರುವುದಿಲ್ಲವಲ್ಲ, ಅದಕ್ಕೆ ಹುಡುಕಲೂ ಬರುವುದಿಲ್ಲ. ಪಾಸ್‌ವರ್ಡ್ ಮರೆತರೆ ಹನ್ನೆರಡು ಪದಗಳ ಒಂದು ಚೀಟಿ ಇದೆ. ಚೀಟಿಯೂ ಹೋದರೆ ಖಾತೆ ಮರಳಿ ಸಿಗಬಹುದು, ಒಳಗಿನ ಪತ್ರಗಳು ಸಿಗುವುದಿಲ್ಲ. ಯಾರನ್ನು ಬೇಡಿಕೊಂಡರೂ ಇಲ್ಲ.

ಅದನ್ನು ಓದಿ ಸಮಾಧಾನವೂ ಆಯಿತು, ಭಯವೂ ಆಯಿತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದರೆ ನಡೆಯುವುದಿಲ್ಲವೆಂದು ಈ ಕಂಪನಿಗಳು ನೇರವಾಗಿ ಹೇಳುತ್ತವೆ. ಆ ನೇರತನ ಹಿಡಿಸಿತು.

ಗುಬ್ಬಿ ಬಂದು ಭುಜದ ಮೇಲಿನಿಂದ ಇಣುಕಿದಳು. "ಅಮ್ಮಾ, ನಿಂಗೆ ಬರೋದು ಕರೆಂಟ್ ಬಿಲ್ಲು, ಆಫೀಸಿನ ಸುತ್ತೋಲೆ. ಅದನ್ನ ಕದಿಯೋಕೆ ಯಾರು ಬರ್ತಾರೆ?"

"ಕದೀಲಿ ಬಿಡ್ಲಿ, ನನ್ನದು ನನ್ನದು."

"ಅಜ್ಜಿಗೆ ಹೆದರಿ ಇಷ್ಟೊಂದಾ?" ಎಂದು ನಗುತ್ತಾ ಹೋದಳು.

ಮಾರ್ಚ್ 9, ಸೋಮವಾರ

ನಮೂನೆ 2 ತಿರಸ್ಕೃತ. ಕಾರಣ: ವಿಷಯದ ಸಾಲು ಬಯಲು.

ತಿರಸ್ಕರಿಸಿದ ತಕ್ಕಡಿಯ ಸೀಲನ್ನು ಅದೇ ದಿನ ಕತ್ತರಿಸಬೇಕು, ಅಂಗಡಿಯಲ್ಲಿ ಒಂದು ದಿನವೂ ಉಳಿಯಬಾರದು. ಹದಿನೆಂಟು ವರ್ಷದ ಅಭ್ಯಾಸ. ಆ ಖಾತೆಯನ್ನು ಇವತ್ತೇ ಅಳಿಸಿದೆ. ಅದಕ್ಕೂ ಮೊದಲು ನಮೂನೆ 3ರಿಂದ ಆಸ್ಪತ್ರೆಗೆ ಬರೆದು ಹೊಸ ವಿಳಾಸ ತಿಳಿಸಿದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು: "ನಿಮ್ಮ ಪತ್ರ ನಮಗೆ ತಲುಪಿದೆ." ಸ್ವೀಕೃತಿ ಸಿಕ್ಕಿದ್ದರಿಂದ ಕೆಲಸ ಮುಗಿದಿದೆ ಎಂದು ಟಿಪ್ಪಣಿ ಮಾಡಿಕೊಂಡೆ. ಸ್ವೀಕೃತಿ ಮುದ್ರೆ ಬಿದ್ದಿತೆಂದರೆ ನಮ್ಮಲ್ಲಿ ಕಡತ ಮುಚ್ಚಿದ ಹಾಗೆಯೇ.

ಮಾರ್ಚ್ 11, ಬುಧವಾರ

ಕಚೇರಿಯಿಂದ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಒಬ್ಬ ಡಬ್ಬಿ ತಂದಿದ್ದ. ವಾಪಸ್ ಕಳಿಸಿದೆ."

"ಯಾವ ಡಬ್ಬಿ?"

"ನಂಗೇನು ಗೊತ್ತು? ನಿನ್ನ ಹೆಸರಿಗೆ ಬಂದದ್ದು. ಸಹಿ ಮಾಡಿ ಅಂದ. ಅದು ಅವಳದಪ್ಪಾ, ನಾನು ನೋಡೋ ಹಾಗಿಲ್ಲ ಅಂದೆ. ಪಾಪ, ಬಿಸಿಲಲ್ಲಿ ನಾಲ್ಕು ಮಹಡಿ ಹತ್ತಿದ್ದ. ನೀರು ಕೊಟ್ಟೆ. ನೀರು ಕೊಡಬಹುದು ತಾನೇ?"

ಅದು ನನ್ನ ಚಪ್ಪಲಿ. ಮತ್ತೆ ತರಿಸಬೇಕು. ಇವರು ಊಟಕ್ಕೆ ಕೂತಾಗ ತಟ್ಟೆಗೆ ಮುಖ ತಗ್ಗಿಸಿ ನಗು ತಡೆದುಕೊಂಡರು. ನನಗೆ ನಗು ಬರಲಿಲ್ಲ.

ಮಾರ್ಚ್ 12, ಗುರುವಾರ

ಏಳನೇ ದಿನ. ಮೇಲ್ ಇಲ್ಲ.

ಮಾರ್ಚ್ 14, ಶನಿವಾರ

ಇಲ್ಲ. ಕೆಟ್ಟದ್ದಿದ್ದರೆ ಬೇಗ ತಿಳಿಸುತ್ತಿದ್ದರು. ನಾದಿನಿಗೆ ನಾಲ್ಕೇ ದಿನದಲ್ಲಿ ಬಂದಿತ್ತು.

ನಮೂನೆ 1ನ್ನೂ ಬಿಟ್ಟೆ. ಇನ್ನು ಉಳಿದದ್ದು 3. ಅದಕ್ಕೂ ಪೂರ್ತಿ ಒಪ್ಪಿಗೆ ಕೊಟ್ಟಿಲ್ಲ. ಹನ್ನೆರಡು ಪದಗಳ ಚೀಟಿಯನ್ನು ಎಲ್ಲಿಡಬೇಕೆಂದು ತೀರ್ಮಾನವಾಗಿಲ್ಲ. ಕಚೇರಿಯ ಡ್ರಾಯರಿಗೆ ಎರಡು ಕೀಲಿಗಳಿವೆ, ಇನ್ನೊಂದು ಜವಾನನ ಬಳಿ. ಮನೆಯ ಕಪಾಟನ್ನು ಎಲ್ಲರೂ ತೆರೆಯುತ್ತಾರೆ. ಈ ದಿನಚರಿಯ ನಡುವೆ ಇಟ್ಟರೆ ಚೀಟಿ ಸಿಕ್ಕವರಿಗೆ ಎರಡೂ ಸಿಕ್ಕಂತೆ. ಈಗ ತೂಕದ ಬಟ್ಟುಗಳ ಪೆಟ್ಟಿಗೆಯಲ್ಲಿ, ಐನೂರು ಗ್ರಾಮಿನ ಬಟ್ಟಿನ ಕೆಳಗಿದೆ. ಆ ಪೆಟ್ಟಿಗೆ ನನ್ನ ಕೈಯಲ್ಲೇ ತಿರುಗುತ್ತದೆ.

ಮಾರ್ಚ್ 17, ಮಂಗಳವಾರ

ಸೀಲು ಸಾಹೇಬರೊಂದಿಗೆ ಚಹಾ ಕುಡಿಯುವಾಗ ನಮೂನೆ 3ರ ಮಾತು ತೆಗೆದೆ. ಅವರು ಲೋಟ ಕೆಳಗಿಟ್ಟರು.

"ನೀನು ಬೀಗ ಹಾಕಿದ್ದು ನಿನ್ನ ಪೆಟ್ಟಿಗೆಗೆ. ಕಳಿಸೋರ ಪೆಟ್ಟಿಗೆ?"

"ಅಂದ್ರೆ?"

"ಯಾರೋ ನಿಂಗೆ ಪತ್ರ ಬರೀತಾರೆ ಅಂದ್ಕೋ. ಅವರ ಹತ್ರ ಅದರ ನಕಲು ಬಿಚ್ಚಿಟ್ಟ ಹಾಗೇ ಇರುತ್ತೆ. ಇಬ್ಬರೂ ಅದೇ ಥರ ಬೀಗ ಹಾಕಿದ್ರೆ ಮಾತ್ರ ಪೂರ್ತಿ ಗುಟ್ಟು. ಇನ್ನು ಯಾರು, ಯಾರಿಗೆ, ಎಷ್ಟು ಹೊತ್ತಿಗೆ ಬರೆದ್ರು ಅನ್ನೋದು ಲಕೋಟೆ ಮೇಲಿನ ಠಸ್ಸೆ ಇದ್ದ ಹಾಗೆ. ಅದನ್ನ ಮುಚ್ಚೋಕಾಗಲ್ಲ."

"ಹಾಗಾದ್ರೆ ಇಷ್ಟೆಲ್ಲ ಮಾಡಿ ಏನು ಬಂತು?"

"ಅರ್ಧ ಬಂತು. ಅರ್ಧ ಬಂದ್ರೆ ಸಾಕು ಅನ್ನೋರಿಗೆ ಇದು. ಪೂರ್ತಿ ಬೇಕು ಅನ್ನೋರು ಬಾಯೇ ಬಿಡಬಾರದು." ಆಮೇಲೆ ಸ್ವಲ್ಪ ಹೊತ್ತು ನನ್ನನ್ನು ನೋಡಿ, "ಏನಮ್ಮ, ಎಲ್ಲ ಸರಿ ಇದೆ ತಾನೇ?" ಎಂದರು.

ಸರಿ ಇದೆ ಎಂದೆ. ಅವರು ಮತ್ತೆ ಕೇಳಲಿಲ್ಲ. ಬೇರೆ ದಿನವಾಗಿದ್ದರೆ ಅದನ್ನು ಸಭ್ಯತೆ ಎಂದು ಮೆಚ್ಚುತ್ತಿದ್ದೆ.

ಮಾರ್ಚ್ 19, ಗುರುವಾರ

ಇಲ್ಲ. ಆಸ್ಪತ್ರೆಗೆ ಫೋನ್ ಮಾಡೋಣವೆಂದು ನಂಬರ್ ಒತ್ತಿದೆ, ರಿಂಗಾಗುವ ಮೊದಲು ಇಟ್ಟೆ. ಸುದ್ದಿ ಇಲ್ಲವೆಂದರೆ ಒಳ್ಳೆಯ ಸುದ್ದಿ.

ಅಲ್ಲೇ ಇದೆ. ಚಿಕ್ಕದಾಗಿಲ್ಲ.

ಮಾರ್ಚ್ 21, ಶನಿವಾರ

ಅತ್ತೆ ಎರಡು ಸಲ ನನ್ನ ಕೋಣೆಯ ಬಾಗಿಲಿಗೆ ಬಂದು ಹಾಗೇ ಹೋದರು. ಏನಾದರೂ ಬೇಕಿತ್ತೇ ಎಂದು ಕೇಳಿದೆ. "ಏನಿಲ್ಲ. ಬಟ್ಟೆ ಒಗೆಯೋದಿದ್ರೆ ಕೊಡು," ಎಂದರು. ಬಟ್ಟೆಯೆಲ್ಲ ಬೆಳಿಗ್ಗೆಯೇ ಒಗೆದು ಒಣಗಿತ್ತು.

ಮಾರ್ಚ್ 24, ಮಂಗಳವಾರ

ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಹತ್ತರಿಂದ ದೊಡ್ಡ ಮಾರುಕಟ್ಟೆಯಲ್ಲಿ ತಪಾಸಣೆ ಇತ್ತು. ಮೂರನೇ ಸಾಲು, ಮೊಳೆ-ಸ್ಕ್ರೂ ಅಂಗಡಿ. ಹತ್ತು ಕಿಲೋ ಇಟ್ಟರೆ ತಕ್ಕಡಿ ಹತ್ತು ಕಿಲೋ ಮೂವತ್ತು ಗ್ರಾಂ ತೋರಿಸುತ್ತಿತ್ತು. ಅಂಗಡಿಯವನು "ಗಾಳಿ ಮೇಡಮ್, ಫ್ಯಾನ್ ಗಾಳಿ" ಎನ್ನುತ್ತಿದ್ದ. ಫ್ಯಾನ್ ನಿಲ್ಲಿಸಿದೆವು. ಮೂವತ್ತೇ. ಅವನ ಹಿಂದೆ ಇನ್ನೂ ಆರೇಳು ಅಂಗಡಿಯವರು ತಮ್ಮ ತಮ್ಮ ತಕ್ಕಡಿಯನ್ನು ಮಗುವಿನಂತೆ ಎತ್ತಿಕೊಂಡು ಸಾಲಾಗಿ ನಿಂತಿದ್ದರು. ಆ ಸಾಲಿನ ಕೊನೆಯಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಏನೂ ಇಲ್ಲ. ಕಾಲಲ್ಲಿ ಮನೆಯೊಳಗಿನ ಚಪ್ಪಲಿ.

ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕರೆಯಲಿಲ್ಲ. ಸರದಿ ಬರಲೆಂದು ಕಾದಿದ್ದರು.

ನಾನೇ ಹೋದೆ. ಅವರು ನನ್ನ ತೋಳು ಹಿಡಿದು ಗೋಣಿಚೀಲಗಳ ಹಿಂದಕ್ಕೆ ಕರೆದುಕೊಂಡು ಹೋದರು.

"ಬೈಯೋದಿದ್ರೆ ಆಮೇಲೆ ಬೈ. ಮೊದ್ಲು ಕೇಳು. ಆಸ್ಪತ್ರೆಯಿಂದ ನನ್ನ ಫೋನಿಗೆ ಮೂರು ಸಲ ಬಂತು. ನಿನ್ನ ಹೆಸರು ಹೇಳಿ, ಇದ್ದಾರಾ ಅಂತ ಕೇಳಿದ್ಲು. ಅವಳ ವಿಷಯ ನಾನು ಕೇಳೋ ಹಾಗಿಲ್ಲಮ್ಮ, ಅವಳಿಗೇ ಮಾಡು ಅಂತ ಇಟ್ಟೆ. ಎರಡು ಸಲ ಹಾಗೇ ಇಟ್ಟೆ. ನಿನ್ನೆ ಮತ್ತೆ ಬಂತು."

"ಮೊದಲನೇದು ಯಾವತ್ತು ಅತ್ತೆ?"

"ಆ ಡಬ್ಬಿ ವಾಪಸ್ ಕಳಿಸಿದ್ನಲ್ಲ, ಅದರ ಮೂರನೇ ದಿನ."

ಹದಿಮೂರನೇ ತಾರೀಖು.

"ಏನು ಹೇಳಿದ್ಲು?"

"ಏನೂ ಹೇಳಲಿಲ್ಲ. ಹೇಳೋ ಹಾಗಿಲ್ಲ ಅಂದ್ಲು. ಬೇಗ ಬರೋಕೆ ಹೇಳಿ ಅಂದ್ಲು, ಅಷ್ಟೇ." ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಆದ್ರೆ ಆ ದನಿ ನಂಗೆ ಗೊತ್ತು ಕಣೆ. ಮೂರು ವರ್ಷದ ಹಿಂದೆ ಅದೇ ದನಿ ಕೇಳಿದ್ದೀನಿ. ಕಣ್ಣಿನೋರು ಹಾಗೆ ಮೆತ್ತಗೆ ಮಾತಾಡಲ್ಲ. ಮೂರು ಮೂರು ಸಲ ಫೋನೂ ಮಾಡಲ್ಲ."

ಮೊಳೆ ಅಂಗಡಿಯವನು ದೂರದಿಂದ, "ಮೇಡಮ್, ಫ್ಯಾನ್ ಹಾಕ್ಲಾ?" ಎಂದು ಕೂಗಿದ.

"ರಾತ್ರಿಯೇ ಹೇಳ್ಬಹುದಿತ್ತಲ್ಲ," ಎಂದೆ.

"ಎಲ್ಲರೂ ಮನೇಲಿದ್ರು. ಗುಬ್ಬಿ ಇದ್ಲು. ನಿನ್ನ ವಿಷಯ ಇನ್ನೊಬ್ರ ಕಿವಿಗೆ ಬೀಳಬಾರದು ಅಂತ ನೀನೇ ಅಂದಿದ್ದೆ. ಬೆಳಿಗ್ಗೆ ನಿನ್ನ ಆಫೀಸಿಗೆ ಹೋದೆ. ಸೊಂಟದಲ್ಲಿ ಕೀಲಿ ಸಿಕ್ಕಿಸ್ಕೊಂಡೋನು ಇಲ್ಲಿದ್ದೀಯ ಅಂದ. ಯಾಕೆ ಅಂತ ಕೇಳಿದ. ಮನೆ ಬೀಗದ ಕೈ ಬೇಕಿತ್ತು ಅಂತ ಸುಳ್ಳು ಹೇಳಿದೆ."

ಆ ತಕ್ಕಡಿಯ ಸೀಲು ಕತ್ತರಿಸಿ, ಉಳಿದವರಿಗೆ ನಾಳೆ ಬರಲು ಹೇಳಿ, ಪೆಟ್ಟಿಗೆ ಮುಚ್ಚಿದೆ. ಅತ್ತೆ ಪೆಟ್ಟಿಗೆಯ ಒಂದು ಹಿಡಿಕೆ ಹಿಡಿದರು. ಅದರ ಭಾರ ಇಪ್ಪತ್ತೆರಡು ಕಿಲೋ. ಬೇಡವೆಂದರೂ ಬಿಡಲಿಲ್ಲ.

ಮಾರ್ಚ್ 25, ಬುಧವಾರ

ಆಸ್ಪತ್ರೆಯಲ್ಲಿ ತಿಳಿದದ್ದು:

ವರದಿ 12ನೇ ತಾರೀಖಿಗೇ ಬಂದಿತ್ತು. ಅಂದೇ ನಮೂನೆ 2ರ ವಿಳಾಸಕ್ಕೆ ಕಳಿಸಿದ್ದಾರೆ. ಅಂತಹ ವಿಳಾಸವಿಲ್ಲವೆಂದು ಮರಳಿತು. ನಾನು ಬರೆದ ಪತ್ರವೂ ಅವರಲ್ಲಿದೆ. ಆದರೆ ವಿಳಾಸ ಬದಲಾವಣೆಯನ್ನು ಮೇಲ್ ಮೂಲಕ ಅವರು ಒಪ್ಪುವುದಿಲ್ಲ. ಯಾರು ಬೇಕಾದರೂ ಯಾರದೋ ಹೆಸರಿನಲ್ಲಿ ಬರೆದು ವರದಿ ತರಿಸಿಕೊಳ್ಳಬಹುದಲ್ಲ, ಅದಕ್ಕೆ ಗುರುತಿನ ಚೀಟಿ ಹಿಡಿದು ಕೌಂಟರಿಗೆ ಬರಬೇಕು. "ನಿಮ್ಮ ಗುಟ್ಟು ಕಾಯೋಕೇ ಮೇಡಮ್ ಈ ನಿಯಮ," ಎಂದಳು ಹುಡುಗಿ. "ನಿಮ್ಮ ಪತ್ರ ತಲುಪಿದೆ" ಎಂಬುದು ಯಂತ್ರದ ಉತ್ತರ. ತಲುಪಿದೆ ಎಂದಷ್ಟೇ ಅದರ ಅರ್ಥ. ಅದನ್ನು ಕೆಲಸ ಆಯಿತೆಂದು ಓದಿಕೊಂಡವಳು ನಾನು. ನನ್ನ ನಂಬರಿನ ಜಾಗದಲ್ಲಿ ಗೆರೆ ಇತ್ತು. ಉಳಿದಿದ್ದು ಹದಿನೈದು ವರ್ಷದ ಹಿಂದೆ ಹೆರಿಗೆಗೆ ಸೇರಿದಾಗ ಬರೆಸಿದ ನಂಬರು. ಅತ್ತೆಯದು.

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಮೇಲ್ ಕಂಪನಿ ಓದಬಾರದೆಂದು ಹೊರಟೆ. ಕೊನೆಗೆ ಓದಬೇಕಾದವಳೇ ಓದಲಿಲ್ಲ.

ವರದಿಯಲ್ಲಿರುವುದು: ಸೂಜಿಯ ಮಾದರಿ ಸಾಲದು. ಅನುಮಾನಾಸ್ಪದ ಜೀವಕೋಶಗಳಿವೆ. ದಪ್ಪ ಸೂಜಿಯಿಂದ ಮತ್ತೆ ತೆಗೆಯಬೇಕು. ಹನ್ನೆರಡು ದಿನ ಹಾಳಾಯಿತು, ಅದಕ್ಕೆ ಯಾರ ಮೇಲೂ ಷರಾ ಬರೆಯುವಂತಿಲ್ಲ.

ಮಾರ್ಚ್ 26, ಗುರುವಾರ

ಮಾದರಿ ತೆಗೆದರು. ಸ್ಕ್ಯಾನನ್ನೂ ಮಾಡಿದರು. ಕಳೆದ ಸಲಕ್ಕಿಂತ ನೋವು ಹೆಚ್ಚು. ಒಳಗೆ ಸ್ಪ್ರಿಂಗ್ ಬಿಟ್ಟ ಹಾಗೆ ಟಪ್ಪೆಂದು ಸದ್ದಾಗುತ್ತದೆ. ಐದು ಸಲ ಆಯಿತು. ಎಡ ಮೊಲೆಯ ಮೇಲೆ ಪಟ್ಟಿ ಹಾಕಿದ್ದಾರೆ. ಎರಡು ದಿನ ನೀರು ತಾಕಿಸಬಾರದು.

ಅತ್ತೆ ಹೊರಗೆ ಕೂತಿದ್ದರು. ನೀಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರ. ಹೊರಬಂದ ಮೇಲೆ ಸ್ವಲ್ಪ ಹೊತ್ತು ಅಲ್ಲಿಯೇ ಕೂತೆವು. ಅವರು ಸುತ್ತ ನೋಡುತ್ತಿದ್ದರು. "ಬಣ್ಣ ಬದಲಾಯಿಸಿದ್ದಾರೆ. ಆಗ ಹಸಿರಿತ್ತು," ಎಂದರು.

ಇಷ್ಟು ದಿನ ಕೇಳದೇ ಇದ್ದದ್ದನ್ನು ಕೇಳಿದೆ. "ಅವಳ ವಿಷಯ ಯಾಕೆ ಅತ್ತೆ ಎಲ್ಲರಿಗೂ ಹೇಳಿದ್ರಿ? ಅವಳಿಗೆ ಇಷ್ಟ ಇರಲಿಲ್ಲ."

"ಗೊತ್ತಿತ್ತು." ಗೋಡೆಯ ಚಿತ್ರದ ಕಡೆ ತಿರುಗಿದರು. "ಒಬ್ಬಳೇ ಇಟ್ಕೊಳ್ಳೋಕೆ ಆಗ್ಲಿಲ್ಲ. ಒಬ್ರಿಗೆ ಹೇಳಿದ್ರೆ ಅವತ್ತೊಂದಿನ ನಿದ್ದೆ ಬರ್ತಿತ್ತು. ಮಾರನೇ ದಿನ ಇನ್ನೊಬ್ರು ಬೇಕಾಗ್ತಿತ್ತು."

"ನಂದು?"

"ನಿಂದು ಇಟ್ಕೊಂಡೆ. ಹನ್ನೊಂದು ದಿನ. ಹೊಟ್ಟೆ ಉಬ್ಬರಿಸಿ ಹೋಗಿತ್ತು. ಆ ಇಸ್ತ್ರಿಯೋಳು ಎದುರು ಬಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತಿದ್ದೆ. ಏನಜ್ಜಿ, ನನ್ನ ಮೇಲೆ ಕೋಪಾನಾ ಅಂತ ಅವಳೇ ಕೇಳಿದ್ಲು."

ಇಬ್ಬರಿಗೂ ನಗು ಬಂತು. ಎದುರಿಗೆ ಕೂತಿದ್ದ ಹೆಂಗಸು ನಮ್ಮನ್ನು ವಿಚಿತ್ರವಾಗಿ ನೋಡಿದಳು. ನಕ್ಕಾಗ ಪಟ್ಟಿಯ ಜಾಗ ಎಳೆಯಿತು.

ಕೌಂಟರಿಗೆ ಹೋಗಿ ಗುರುತಿನ ಚೀಟಿ ತೋರಿಸಿ ನಮೂನೆ 3ರ ವಿಳಾಸ ಬರೆಸಿದೆ. ಮೊಬೈಲ್ ನಂಬರನ್ನೂ ಕೊಟ್ಟೆ. "ತುರ್ತು ಸಂಪರ್ಕ ಹಳೇದೇ ಇರ್ಲಾ?" ಎಂದು ಕೇಳಿದಳು. ಇರಲಿ, ಅವರಿಗೆ ವಿಷಯ ಹೇಳಬಹುದೆಂದೂ ಬರೆದುಕೊಳ್ಳಿ ಎಂದೆ. ಅದಕ್ಕೊಂದು ಬೇರೆ ಅರ್ಜಿ. ತುಂಬಿ ಸಹಿ ಹಾಕಿದೆ.

ಮಾರ್ಚ್ 29, ಭಾನುವಾರ

ನಮೂನೆ 3 ಅಂಗೀಕೃತ. ಹಳೆಯ ಮೇಲ್ ಬಿಲ್ಲುಗಳಿಗೆ, ಸುತ್ತೋಲೆಗಳಿಗೆ ಇರಲಿ. ಅದು ಓದಿಕೊಂಡರೆ ಓದಿಕೊಳ್ಳಲಿ.

ಮಧ್ಯಾಹ್ನ ಹನ್ನೆರಡು ಪದಗಳ ಚೀಟಿಯನ್ನು ಅತ್ತೆಗೆ ಕೊಟ್ಟೆ. ಆಪರೇಷನ್ನೋ ಇನ್ನೊಂದೋ ಎಂದಾದರೆ ನನ್ನ ಪತ್ರಗಳು ಯಾರಿಗಾದರೂ ಬೇಕಾಗಬಹುದು.

"ಇದನ್ನ ನಾನು ಓದಬಹುದಾ?" ಎಂದು ಕೇಳಿದರು. ಅಣಕವಿರಲಿಲ್ಲ, ನಿಜವಾಗಿಯೇ ಕೇಳಿದರು.

"ಓದಿ ಅತ್ತೆ."

ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. "ಏಣಿ, ಕತ್ತೆ, ಗುಡುಗು, ಸೂಜಿ... ಇದೇನೇ ಇದು, ತಲೆಕೆಟ್ಟೋನ ಸಾಮಾನು ಚೀಟಿ ಇದ್ದ ಹಾಗಿದೆ."

ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದೆ. ಕಳೆದರೆ ಕಂಪನಿಯವರಿಂದಲೂ ಪತ್ರ ತೆರೆಯಲಾಗದು ಎಂದಾಗ ಅವರ ಮುಖ ಗಂಭೀರವಾಯಿತು. ಎಲ್ಲಿಟ್ಟುಕೊಳ್ಳುತ್ತೀರಿ ಎಂದು ಕೇಳಿದೆ. ಹೇಳಲಿಲ್ಲ.

ಮಾರ್ಚ್ 30, ಸೋಮವಾರ

ಸೀಲು ಸಾಹೇಬರಿಗೆ ತಿಳಿಸಿದೆ. ಮೊದಲು ನನ್ನ ವಿಷಯ, ಆಮೇಲೆ ಮೇಲಿನದು. ಮೊದಲನೆಯದಕ್ಕೆ ಅವರು ಮಾರುಕಟ್ಟೆಯ ಮೂರು ಸಾಲುಗಳನ್ನು ತಮ್ಮ ಹೆಸರಿಗೆ ಬರೆದುಕೊಂಡರು. ಎರಡನೆಯದಕ್ಕೆ ಕೋಪ ಬಂತು.

"ಕೀಲಿ ಇನ್ನೊಬ್ರ ಕೈಗೆ ಕೊಟ್ಟ ಮೇಲೆ ಬೀಗ ಯಾಕಮ್ಮ? ಅಷ್ಟೊಂದು ಪರೀಕ್ಷೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ!"

ಅವರ ವಾದ ಸರಿ. ನಿಯಮದ ಪ್ರಕಾರ ನೋಡಿದರೆ ಈ ವ್ಯವಸ್ಥೆಯಲ್ಲಿ ದೋಷವಿದೆ. ಅಂಗೀಕರಿಸಿದ್ದೇನೆ.

ಏಪ್ರಿಲ್ 2, ಗುರುವಾರ

ಬೆಳಿಗ್ಗೆ 10:40ಕ್ಕೆ ವರದಿ ಮೇಲಿಗೆ ಬಂತು. ವಿಷಯದ ಸಾಲಿನಲ್ಲೇ ಆಸ್ಪತ್ರೆಯ ವಿಭಾಗದ ಹೆಸರಿತ್ತು, ಬೀಗದೊಳಗೆ. ನಾನು ತೆರೆಯಲಿಲ್ಲ. ಹನ್ನೊಂದಕ್ಕೆ ಡಾಕ್ಟರ ಕೋಣೆಯಲ್ಲಿ, ಅತ್ತೆಯ ಪಕ್ಕದಲ್ಲಿ ಕೂತು ಕೇಳಿದೆ.

ಎಡ ಮೊಲೆಯಲ್ಲಿ ಕ್ಯಾನ್ಸರ್. ಹದಿನಾಲ್ಕು ಮಿಲಿಮೀಟರ್. ಕಂಕುಳಿಗೆ ಹರಡಿದ ಗುರುತು ಸ್ಕ್ಯಾನಿನಲ್ಲಿ ಕಂಡಿಲ್ಲ. ಆಪರೇಷನ್ ಸಮಯದಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ಗಂಟನ್ನಷ್ಟೇ ತೆಗೆದರೆ ಸಾಕಾಗಬಹುದು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಆ ಹನ್ನೆರಡು ದಿನ?"

"ಹನ್ನೆರಡು ದಿನಕ್ಕೆ ದೊಡ್ಡ ವ್ಯತ್ಯಾಸ ಆಗಿರಲ್ಲ," ಎಂದರು ಡಾಕ್ಟರು. "ಹನ್ನೆರಡು ವಾರ ಆಗಿದ್ದಿದ್ರೆ ಹೀಗೆ ಹೇಳ್ತಿರಲಿಲ್ಲ. ಯಾರು ಕರ್ಕೊಂಡು ಬಂದ್ರು?"

ಅತ್ತೆ ನೆಲ ನೋಡುತ್ತಾ, "ಅವಳೇ ಬಂದ್ಲು," ಎಂದರು.

ಮರಳುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಟಿಕೆಟ್ ತೆಗೆಯಲೂ ಬಿಡಲಿಲ್ಲ. ಕಂಡಕ್ಟರು ಎರಡು ಸಲ ಕೇಳಬೇಕಾಯಿತು.

ಏಪ್ರಿಲ್ 3, ಶುಕ್ರವಾರ

ಊಟವಾದ ಮೇಲೆ ಇವರಿಗೂ ಗುಬ್ಬಿಗೂ ಹೇಳಿದೆ. ಅತ್ತೆ ಎದ್ದು ಹೋಗಲು ಹೊರಟರು. ಕೂರಿಸಿಕೊಂಡೆ.

ಇವರು, "ಕಣ್ಣು ಅಂದಿದ್ದೆಯಲ್ಲ," ಎಂದಷ್ಟೇ ಹೇಳಿ ಮೇಜಿನ ಮೇಲಿನ ನೀರಿನ ಗೆರೆಯನ್ನು ಬೆರಳಿನಿಂದ ಉದ್ದಕ್ಕೂ ಎಳೆಯುತ್ತಾ ಕೂತರು. ಆಮೇಲೆ ಎದ್ದು ಹೋಗಿ ತಮ್ಮ ಪಾಳಿ ಬದಲಿಸಲು ಡಿಪೋಗೆ ಫೋನ್ ಮಾಡಿದರು. ಕಾರಣ ಕೇಳಿದ್ದಕ್ಕೆ ಆ ಕಡೆಯವರಿಗೆ ಏನು ಹೇಳಬೇಕೆಂದು ಫೋನ್ ಮುಚ್ಚಿ ಹಿಡಿದು ನನ್ನನ್ನು ಕೇಳಿದರು.

"ಹೆಂಡತಿಗೆ ಆಪರೇಷನ್ ಅಂತ ಹೇಳಿ. ಅಷ್ಟು ಸಾಕು."

ಗುಬ್ಬಿ ಅತ್ತಳು. "ಅಜ್ಜಿಗೆ ಹೇಳಿ ನಂಗೆ ಹೇಳ್ಲಿಲ್ಲ," ಎಂದು ಸಿಟ್ಟು ಮಾಡಿಕೊಂಡಳು. ಅಜ್ಜಿಗೂ ನಾನು ಹೇಳಿರಲಿಲ್ಲ, ಅವರೇ ಕಂಡುಕೊಂಡರು ಎಂದೆ. ಅವಳು ನಂಬಲಿಲ್ಲ. ಈಗ ನನ್ನ ಪಕ್ಕದಲ್ಲೇ ಮಲಗಿದ್ದಾಳೆ, ಬಲಗಡೆ. ನಾನು ಬರೆಯುವುದು ಅವಳಿಗೆ ಕಾಣುತ್ತದೆ. ಓದುತ್ತಿರಲೂಬಹುದು.

ಶಸ್ತ್ರಚಿಕಿತ್ಸೆ ಏಪ್ರಿಲ್ 9, ಗುರುವಾರ. ಬೆಳಿಗ್ಗೆ ಏಳಕ್ಕೆ ದಾಖಲಾತಿ, ಒಂಬತ್ತೂಕಾಲಿಗೆ ಒಳಗೆ. ಹಿಂದಿನ ರಾತ್ರಿ ಹತ್ತರ ನಂತರ ಏನೂ ತಿನ್ನುವಂತಿಲ್ಲ.